ಮೂರು ಕಾರು, ಮೂರು ಎಂಜಿನ್: ಆರು ಸಿಲಿಂಡರ್‌ಗಳು ಮತ್ತೆ ಸಾಲಿಗೆ ಬಂದದ್ದೇಕೆ?

ಪ್ರಶ್ನೆ: ನಾನು ಉಡುಪಿಯವನು, ಪಾಲಿಟೆಕ್ನಿಕ್‌ನಲ್ಲಿ ಮೆಕ್ಯಾನಿಕಲ್ ಪಾಠ ಮಾಡುತ್ತೇನೆ. ದುಬೈಯಲ್ಲಿರುವ ನನ್ನ ಸೋದರಮಾವ ಮೂವತ್ತು ವರ್ಷಗಳಲ್ಲಿ ಮೂರು ಬೆಂಜ್ ಕಾರು ಕೊಂಡಿದ್ದಾರೆ, ಒಂದನ್ನೂ ಮಾರಿಲ್ಲ. 1994ರ ಇ 320ರಲ್ಲಿ ಆರು ಸಿಲಿಂಡರ್‌ಗಳು ಒಂದೇ ಸಾಲಿನಲ್ಲಿವೆ. 2000ದ ಇ 320ರಲ್ಲಿ ಅದೇ ಆರು ಸಿಲಿಂಡರ್‌ಗಳು ವಿ ಆಕಾರದಲ್ಲಿವೆ. ಈಗಿನ ಎಸ್ 450ರಲ್ಲಿ ಮತ್ತೆ ಒಂದೇ ಸಾಲು. ಸಾಲು ಒಳ್ಳೆಯದಾಗಿದ್ದರೆ ಬಿಟ್ಟದ್ದೇಕೆ, ಕೆಟ್ಟದ್ದಾಗಿದ್ದರೆ ಮರಳಿದ್ದೇಕೆ? ಎರಡನೆಯದು, ಅರ್ಧ ಕೋಟಿ ರೂಪಾಯಿ ದಾಟಿದ ಕಾರಿನಲ್ಲಿ ಎರಡು ಲೀಟರಿನ ನಾಲ್ಕು ಸಿಲಿಂಡರ್ ಎಂಜಿನ್ ಇಡುವುದು ಗ್ರಾಹಕರಿಗೆ ಮಾಡುವ ಮೋಸವಲ್ಲವೇ? ಮೂರನೆಯದು, ಹಣದ ಅಡ್ಡಿಯೇ ಇಲ್ಲದ ಕಾರಿಗೆ ಕೊರತೆಯಿಲ್ಲದ ಎಂಜಿನ್ ಮಾಡಲು ಏನು ಕಷ್ಟ? ಕೊನೆಯದಾಗಿ, ಮಾವ 1994ರ ಕಾರನ್ನು ಮಾರುವ ಯೋಚನೆಯಲ್ಲಿದ್ದಾರೆ. ಮಾರಬಹುದೇ?

ಉತ್ತರ: ನಿಮ್ಮ ಮಾವನ ಮನೆಯ ಮುಂದೆ ನಿಂತಿರುವ ಮೊದಲ ಎರಡು ಕಾರುಗಳಿಗಿಂತ ಒಳ್ಳೆಯ ಪಾಠ ಯಾವ ಕಾಲೇಜಿನಲ್ಲೂ ಸಿಗಲಾರದು. ಆ ಎರಡೂ ಎಂಜಿನ್‌ಗಳ ಬೋರ್, ಅಂದರೆ ಸಿಲಿಂಡರಿನ ಒಳಗಲ, 89.9 ಮಿಲಿಮೀಟರ್; ಸ್ಟ್ರೋಕ್, ಅಂದರೆ ಪಿಸ್ಟನ್ ಓಡಾಡುವ ದೂರ, 84 ಮಿಲಿಮೀಟರ್; ಒಟ್ಟು ಗಾತ್ರ 3,199 ಸಿಸಿ. ಹಳೆಯದರ ಶಕ್ತಿ 220 ಅಶ್ವಶಕ್ತಿ, ಹೊಸದರದು 224. ಅಂದರೆ ಒಂದೇ ಅಳತೆಯ ಆರು ಕೊಡಗಳನ್ನು ಒಮ್ಮೆ ಸಾಲಾಗಿ ಇಟ್ಟರು, ಇನ್ನೊಮ್ಮೆ ಮೂರು ಮೂರರಂತೆ ಎದುರುಬದುರಾಗಿ ಇಟ್ಟರು. ಹೆಚ್ಚು ಶಕ್ತಿಗಾಗಿ ಈ ಬದಲಾವಣೆ ಆಗಿದ್ದರೆ ನಾಲ್ಕು ಅಶ್ವಶಕ್ತಿಗೆ ಯಾರೂ ಇಡೀ ಕಾರ್ಖಾನೆಯನ್ನು ತಿರುಗಿಸುತ್ತಿರಲಿಲ್ಲ. ಬೇಕಾಗಿದ್ದದ್ದು ಜಾಗ.

ಮೊದಲು ಸಾಲಿನ ಗುಣವನ್ನು ಹೇಳುತ್ತೇನೆ, ಬಿಟ್ಟುಕೊಟ್ಟದ್ದು ಎಷ್ಟು ದೊಡ್ಡದು ಎಂಬುದು ಆಗ ತಿಳಿಯುತ್ತದೆ. ಪಿಸ್ಟನ್‌ಗಳ ಏರಿಳಿತವನ್ನು ಸುತ್ತಾಟವಾಗಿಸುವ ದಂಡ ಕ್ರ್ಯಾಂಕ್. ಅದು ಕಾಲು ಸುತ್ತು ತಿರುಗಿದಾಗ ಪಿಸ್ಟನ್ ಅರ್ಧ ದಾರಿ ಇಳಿದಿರಬೇಕು ಎಂದು ವಿದ್ಯಾರ್ಥಿಗಳು ಊಹಿಸುತ್ತಾರೆ. ಇಲ್ಲ, ಇವೆರಡನ್ನೂ ಜೋಡಿಸುವ ಕನೆಕ್ಟಿಂಗ್ ರಾಡ್ ಓರೆಯಾಗುವುದರಿಂದ ಅದು ಅರ್ಧಕ್ಕಿಂತ ಹೆಚ್ಚೇ ಇಳಿದಿರುತ್ತದೆ. ಮೇಲಿನ ಅರ್ಧದಲ್ಲಿ ಪಿಸ್ಟನ್ನಿಗೆ ಅವಸರ, ಕೆಳಗಿನ ಅರ್ಧದಲ್ಲಿ ನಿಧಾನ. ನಾಲ್ಕು ಸಿಲಿಂಡರ್ ಎಂಜಿನ್ನಿನಲ್ಲಿ ಎರಡು ಪಿಸ್ಟನ್ ಮೇಲೆ ಹೋಗುವಾಗ ಎರಡು ಕೆಳಗೆ ಬರುತ್ತವೆ. ನೋಡಲು ತಕ್ಕಡಿ ಸಮವಾಗಿದೆ. ಆದರೆ ಮೇಲಿನ ಜೋಡಿಯ ಜಗ್ಗಾಟ ಕೆಳಗಿನ ಜೋಡಿಯದಕ್ಕಿಂತ ಜೋರು. ಆ ಉಳಿಕೆ ಬಲ ಪ್ರತಿ ಸುತ್ತಿಗೆ ಎರಡು ಬಾರಿ ಎಂಜಿನ್ನನ್ನು ಮೇಲೆ ಕೆಳಗೆ ಅಲುಗಿಸುತ್ತದೆ. ಸಾಲಿನ ಆರು ಸಿಲಿಂಡರ್‌ಗಳಲ್ಲಿ ಪಿಸ್ಟನ್‌ಗಳು 120 ಡಿಗ್ರಿಗಳ ಅಂತರದಲ್ಲಿ ಜೋಡಿಜೋಡಿಯಾಗಿ ನಡೆಯುತ್ತವೆ: ಒಂದು ಮತ್ತು ಆರು, ಎರಡು ಮತ್ತು ಐದು, ಮೂರು ಮತ್ತು ನಾಲ್ಕು. ಈ ಉಳಿಕೆಯೂ ತಾನಾಗಿ ಅಳಿದುಹೋಗುತ್ತದೆ. ಮುಂದಿನ ಅರ್ಧಕ್ಕೆ ಹಿಂದಿನ ಅರ್ಧ ಕನ್ನಡಿಯ ಬಿಂಬದಂತಿರುವುದರಿಂದ ಎಂಜಿನ್ ಈ ತುದಿ ಆ ತುದಿ ತೂಗುವುದೂ ಇಲ್ಲ. ಯಾವ ಹೆಚ್ಚುವರಿ ಭಾಗವೂ ಬೇಡ, ಜ್ಯಾಮಿತಿಯೇ ಎಲ್ಲವನ್ನೂ ನೋಡಿಕೊಳ್ಳುತ್ತದೆ. ಹನ್ನೆರಡು ಸಿಲಿಂಡರಿನ ವಿ ಎಂಜಿನ್ ಅಷ್ಟು ನಯವಾಗಿರುವುದೂ ಇದರಿಂದಲೇ, ಅದು ಒಂದೇ ಕ್ರ್ಯಾಂಕಿಗೆ ಕಟ್ಟಿದ ಎರಡು ಸಾಲು ಆರು.

ಇಷ್ಟು ಚೆನ್ನಾಗಿದ್ದದ್ದನ್ನು 1997ರಲ್ಲಿ ಕೈಬಿಟ್ಟರು. ಸಾಲಿನ ಆರು ಉದ್ದ, ಅದರ ಕಷ್ಟವೆಲ್ಲ ಅಲ್ಲೇ. ಬೋರ್‌ಗಳನ್ನಷ್ಟೇ ಕೂಡಿಸಿದರೂ 540 ಮಿಲಿಮೀಟರ್, ಅದರ ಮೇಲೆ ನಡುವಿನ ಗೋಡೆಗಳು, ಮುಂದೆ ಚೈನ್, ಬೆಲ್ಟ್, ಪುಲ್ಲಿ, ಫ್ಯಾನ್. ಅಪಘಾತದಲ್ಲಿ ಕಾರಿನ ಮೂತಿ ಮಡಚಿಕೊಂಡು ಪೆಟ್ಟನ್ನು ನುಂಗಬೇಕು, ಎಂಜಿನ್ ಮಾತ್ರ ಮಡಚುವುದಿಲ್ಲ. ಎಂಜಿನ್ ಎಷ್ಟು ಉದ್ದವೋ ಅಷ್ಟು ಮಟ್ಟಿಗೆ ಮಡಚುವ ಜಾಗ ಕಡಿಮೆ. ಡಿಕ್ಕಿಯ ಪರೀಕ್ಷೆಗಳು ಬಿಗಿಯಾಗುತ್ತಿದ್ದ ಕಾಲ ಅದು. ಬಾನೆಟ್ಟನ್ನು ಉದ್ದ ಮಾಡೋಣವೆಂದರೆ ಒಳಗೆ ಕುಳಿತವರ ಮೊಣಕಾಲಿನ ಜಾಗ ಹೋಗುತ್ತದೆ ಅಥವಾ ಕಾರೇ ಉದ್ದವಾಗುತ್ತದೆ.

ಇನ್ನೊಂದು ಕಾರಣ ಕಾರ್ಖಾನೆಯೊಳಗಿನದು, ಹೊರಗಿನವರು ಇದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದೇ ಹೊತ್ತಿಗೆ ಅವರು ಹೊಸ ವಿ8 ಎಂಜಿನ್ ಕೂಡ ತಯಾರಿಸುತ್ತಿದ್ದರು. ಎಂಟು ಸಿಲಿಂಡರಿಗೆ 90 ಡಿಗ್ರಿ ಕೋನ ಹೇಳಿ ಮಾಡಿಸಿದ್ದು. ಆರಕ್ಕೆ 60 ಡಿಗ್ರಿ ಹೆಚ್ಚು ಸೂಕ್ತ. ಆದರೆ ಆರನ್ನೂ 90 ಡಿಗ್ರಿಗೇ ಮಾಡಿದರೆ ಎರಡನ್ನೂ ಒಂದೇ ಸಾಲಿನ ಯಂತ್ರಗಳ ಮೇಲೆ ಕೊರೆಯಬಹುದು. ಅವರು ಹಾಗೆಯೇ ಮಾಡಿದರು. ಕಿಡಿ ಹತ್ತುವ ಅಂತರ ಸಮವಾಗಿರಲೆಂದು ಕ್ರ್ಯಾಂಕಿನ ಪಿನ್‌ಗಳನ್ನು 30 ಡಿಗ್ರಿ ಸರಿಸಿದರು. ವಿ6ನ ಒಂದೊಂದು ಪಕ್ಕವೂ ಮೂರು ಸಿಲಿಂಡರಿನ ಎಂಜಿನ್ ಇದ್ದಂತೆ, ಮೂರು ಸಿಲಿಂಡರ್ ಏತದ ಹಾಗೆ ತುದಿಯಿಂದ ತುದಿಗೆ ತೂಗುತ್ತದೆ. ಅದನ್ನು ತಡೆಯಲು ಎರಡು ಪಕ್ಕಗಳ ನಡುವೆ, ಕ್ರ್ಯಾಂಕಿನ ವೇಗದಲ್ಲೇ ಅದರ ವಿರುದ್ಧ ದಿಕ್ಕಿಗೆ ತಿರುಗುವ ಬ್ಯಾಲೆನ್ಸ್ ಶಾಫ್ಟ್ ಒಂದನ್ನು ಇಟ್ಟರು. ಬ್ಲಾಕ್ ಬೀಡುಕಬ್ಬಿಣದಿಂದ ಅಲ್ಯೂಮಿನಿಯಂಗೆ ಬಂತು, ತೂಕ ಚೆನ್ನಾಗಿ ಇಳಿಯಿತು.

ಆ ಎಂಜಿನ್ನಿನಲ್ಲಿ ನನಗೆ ಬಹಳ ಹಿಡಿಸಿದ ತೀರ್ಮಾನ ವಾಲ್ವ್‌ಗಳದು. ಹಳೆಯದರಲ್ಲಿ ಸಿಲಿಂಡರಿಗೆ ನಾಲ್ಕು ವಾಲ್ವ್, ಹೊಸದರಲ್ಲಿ ಮೂರು. ಹಿಂದೆ ಹೋದರಲ್ಲ ಎಂದು ಆಗ ಹಲವರು ಅಂದರು. ಒಳಗೆ ಬರುವ ಗಾಳಿಗೆ ಎರಡು ವಾಲ್ವ್ ಉಳಿಸಿಕೊಂಡು, ಹೊರಹೋಗುವ ಹೊಗೆಗೆ ಒಂದನ್ನೇ ಇಟ್ಟರು. ಎಂಜಿನ್ ತಣ್ಣಗಿದ್ದಾಗ ಶುರು ಮಾಡಿದ ಮೊದಲ ಒಂದೆರಡು ನಿಮಿಷಗಳಲ್ಲಿ ಹೊಗೆಯ ವಿಷವನ್ನು ಕಳೆಯುವ ಕ್ಯಾಟಲಿಟಿಕ್ ಕನ್ವರ್ಟರ್ ಕೆಲಸ ಮಾಡುವುದಿಲ್ಲ, ಅದು ಸುಮಾರು 300 ಡಿಗ್ರಿಯಷ್ಟು ಕಾಯಬೇಕು. ಹೊಗೆ ಎರಡು ದಾರಿಯಲ್ಲಿ ಹೊರಟರೆ ಸಿಲಿಂಡರ್ ಹೆಡ್ಡಿನ ಹೆಚ್ಚು ಲೋಹವನ್ನು ಸವರಿಕೊಂಡು ಹೋಗಿ ತಣ್ಣಗಾಗುತ್ತದೆ. ಒಂದೇ ದಾರಿಯಾದರೆ ಬಿಸಿ ಉಳಿದು ಕನ್ವರ್ಟರ್ ಬೇಗ ಎಚ್ಚರಗೊಳ್ಳುತ್ತದೆ. ತುತ್ತತುದಿಯ ಶಕ್ತಿಯಲ್ಲಿ ಸ್ವಲ್ಪ ಕೊಟ್ಟು ಬೆಳಗಿನ ಮೊದಲ ನಿಮಿಷದ ಹೊಗೆಯನ್ನು ಕೊಂಡುಕೊಂಡರು. ಇಂಥ ಕೊಡು-ಕೊಳ್ಳುವಿಕೆಯನ್ನು ಜಾಹೀರಾತಿನಲ್ಲಿ ಹೇಳಿಕೊಳ್ಳಲು ಬರುವುದಿಲ್ಲ, ಆದರೆ ವಿನ್ಯಾಸಕಾರನ ಕೈ ಕಾಣುವುದು ಇಲ್ಲಿಯೇ.

ಜ್ಯಾಮಿತಿಯಿಂದ ಪುಕ್ಕಟೆಯಾಗಿ ಬರುತ್ತಿದ್ದ ಸಮತೋಲವನ್ನು ಭಾಗಗಳಿಂದ ತಂದರೆ ಆ ಭಾಗಗಳು ಸವೆಯುತ್ತವೆ ಎಂಬುದನ್ನೂ ಹೇಳಬೇಕು. 2004ರಲ್ಲಿ ಬಂದ ಮುಂದಿನ ಪೀಳಿಗೆಯ ವಿ6ನ ಆರಂಭದ ಎಂಜಿನ್‌ಗಳಲ್ಲಿ ಬ್ಯಾಲೆನ್ಸ್ ಶಾಫ್ಟಿನ ಹಲ್ಲುಗಾಲಿ ಅವಧಿಗೆ ಮುನ್ನ ಸವೆದು ಮಾಲೀಕರನ್ನು ಕಾಡಿತು. ಗಾಲಿ ಚಿಕ್ಕದು, ಆದರೆ ಅದನ್ನು ಬದಲಿಸಲು ಎಂಜಿನ್ನನ್ನೇ ಇಳಿಸಬೇಕು. ನಿಮ್ಮ ಮಾವನ 2000ದ ಕಾರಿಗೆ ಈ ತೊಂದರೆ ಇಲ್ಲ.

ಮತ್ತೆ ಸಾಲಿಗೆ ಮರಳಿದ್ದು 2017ರಲ್ಲಿ. ಇಪ್ಪತ್ತು ವರ್ಷಗಳಲ್ಲಿ ಏನು ಬದಲಾಯಿತು? ಮೊದಲನೆಯದು ಟರ್ಬೊ, ಹೊರಹೋಗುವ ಹೊಗೆಯ ಬಲದಿಂದಲೇ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಪಂಪು. ವಿ6ಗೆ ಎರಡೂ ಪಕ್ಕದಲ್ಲಿ ಒಂದೊಂದು ಟರ್ಬೊ, ಒಂದೊಂದು ಕನ್ವರ್ಟರ್, ಅವುಗಳಿಗೆ ಕೊಳವೆ, ಶಾಖದ ತಗಡು ಎಲ್ಲವೂ ಎರಡೆರಡು ಬೇಕು. ಸಾಲಿನ ಎಂಜಿನ್ನಿಗೆ ಒಂದು ಪಕ್ಕ ಪೂರ್ತಿ ಬಿಸಿ, ಇನ್ನೊಂದು ಪಕ್ಕ ಪೂರ್ತಿ ತಂಪು. ಬಿಸಿಯ ಪಕ್ಕಕ್ಕೆ ಒಂದೇ ಟರ್ಬೊವನ್ನು ಕೂರಿಸಿ ಅದರ ಬೆನ್ನಿಗೇ ಕನ್ವರ್ಟರನ್ನು ಅಂಟಿಸಿದಂತೆ ಇಟ್ಟರೆ ಅದು ಬೇಗ ಕಾಯುತ್ತದೆ. ಮೂರು ವಾಲ್ವ್ ಇಟ್ಟು ಗಳಿಸಿದ್ದನ್ನು ಈಗ ಜಾಗದ ಜೋಡಣೆಯಿಂದಲೇ ಗಳಿಸಬಹುದು.

ಎರಡನೆಯದು 48 ವೋಲ್ಟಿನ ವಿದ್ಯುತ್ ವ್ಯವಸ್ಥೆ. ಎಸಿ ಕಂಪ್ರೆಸರ್, ನೀರಿನ ಪಂಪ್ ಎರಡನ್ನೂ ವಿದ್ಯುತ್ತಿಗೆ ಹಾಕಿ, ಸ್ಟಾರ್ಟರ್ ಮತ್ತು ಆಲ್ಟರ್ನೇಟರ್ ಎರಡರ ಕೆಲಸವನ್ನೂ ಎಂಜಿನ್-ಗೇರ್‌ಬಾಕ್ಸ್ ನಡುವಿನ ಒಂದೇ ಮೋಟಾರಿಗೆ ವಹಿಸಿದರು. ಎಂಜಿನ್ನಿನ ಮುಂದಿದ್ದ ಬೆಲ್ಟ್ ಸಂಸಾರವೇ ಮಾಯವಾಯಿತು, ಉದ್ದ ಇಳಿಯಿತು. ಮಾವನ ಎಸ್ 450ರ ಬಾನೆಟ್ ಎತ್ತಿ ನೋಡಿ, ಒಂದು ಬೆಲ್ಟೂ ಸಿಗುವುದಿಲ್ಲ. ಮೂರನೆಯದು ಗೋಡೆಗಳು. ಸಿಲಿಂಡರಿನೊಳಗೆ ಲೈನರ್ ಎಂಬ ಬೇರೆ ಕೊಳವೆ ಕೂರಿಸುವ ಬದಲು ಬಹಳ ತೆಳುವಾದ ಕಬ್ಬಿಣದ ಲೇಪ ಕೊಟ್ಟರು, ಬೋರನ್ನು 83 ಮಿಲಿಮೀಟರಿಗೆ ಇಳಿಸಿದರು. ಒಂದು ಸಿಲಿಂಡರಿನ ನಡುವಿನಿಂದ ಮುಂದಿನದರ ನಡುವಿಗೆ 90 ಮಿಲಿಮೀಟರ್. ಎರಡು ಬೆಂಕಿಗಳ ನಡುವೆ ಏಳೇ ಮಿಲಿಮೀಟರ್ ಲೋಹ, ಅದನ್ನು ತಂಪಾಗಿಡುವುದು ಸುಲಭದ ಮಾತಲ್ಲ.

ನಾಲ್ಕನೆಯ ಕಾರಣ ಮತ್ತೆ ಕಾರ್ಖಾನೆಯದು. 1997ರಲ್ಲಿ ಆರರ ಒಡಹುಟ್ಟು ಎಂಟಾಗಿತ್ತು. 2017ರ ಹೊತ್ತಿಗೆ ಎಂಟನ್ನು ಕೊಳ್ಳುವವರು ಕಡಿಮೆಯಾಗಿ, ನಾಲ್ಕನ್ನು ಕೊಳ್ಳುವವರು ಬಹಳವಾಗಿದ್ದರು. ಈಗ ಆರನ್ನು ನಾಲ್ಕರ ಜೊತೆ ಒಂದೇ ಯಂತ್ರದ ಸಾಲಿನಲ್ಲಿ ಮಾಡುವುದು ಜಾಣತನ. ನಾಲ್ಕಕ್ಕೂ ಆರಕ್ಕೂ ಅದೇ 90 ಮಿಲಿಮೀಟರ್ ಅಂತರ, ಎರಡು ಕೊಡ ಹೆಚ್ಚು ಅಷ್ಟೇ. ಹಾಗಾಗಿ ನಿಮ್ಮ ಮೊದಲ ಪ್ರಶ್ನೆಗೆ ಉತ್ತರ: ಅವರು ತಪ್ಪು ತಿದ್ದಿಕೊಂಡು ಹಿಂದಿರುಗಲಿಲ್ಲ. ಎರಡು ಕಾಲದಲ್ಲೂ ಎಂಜಿನ್ನಿನ ಸುತ್ತ ಇದ್ದ ವಸ್ತುಗಳು ಬೇರೆ, ಹಾಗಾಗಿ ಉತ್ತರವೂ ಬೇರೆ. ಬಿಎಂಡಬ್ಲ್ಯು ಸಾಲಿನ ಆರನ್ನು ಬಿಡಲೇ ಇಲ್ಲ, ಮುಂದಿನ ಚಕ್ರಗಳನ್ನು ಮುಂದಕ್ಕೆ ಸರಿಸಿ ಉದ್ದ ಬಾನೆಟ್ ಇರುವ ಕಾರನ್ನೇ ತನ್ನ ಗುರುತಾಗಿ ಮಾಡಿಕೊಂಡು ಆ ಉದ್ದದ ಬೆಲೆಯನ್ನು ತೆತ್ತಿತು.

ಎರಡನೆಯ ಪ್ರಶ್ನೆಗೆ ಬರುವ ಮುನ್ನ ಒಂದು ಚಿಕ್ಕ ಲೆಕ್ಕ. ಕಾರು ಸಿಗ್ನಲ್‌ನಲ್ಲಿ ನಿಂತಿದೆ, ಎಂಜಿನ್ ನಿಮಿಷಕ್ಕೆ 600 ಸುತ್ತು ತಿರುಗುತ್ತಿದೆ, ಅಂದರೆ ಸೆಕೆಂಡಿಗೆ ಹತ್ತು. ನಾಲ್ಕು ಸಿಲಿಂಡರಿನದು ಸುತ್ತಿಗೆ ಎರಡು ಬಾರಿ ಉರಿಯುತ್ತದೆ, ಸೆಕೆಂಡಿಗೆ 20 ತಟ್ಟು. ಆರು ಸಿಲಿಂಡರಿನದು 30, ಎಂಟರದು 40, ಹನ್ನೆರಡರದು 60. ಕಾರಿನ ದೇಹಕ್ಕೂ ಸ್ಟೀರಿಂಗ್ ಕಂಬಕ್ಕೂ ತಮ್ಮದೇ ಆದ ಕಂಪನವಿದೆ, ಅದು ಸಾಮಾನ್ಯವಾಗಿ ಸೆಕೆಂಡಿಗೆ ಇಪ್ಪತ್ತು ಮೂವತ್ತರ ಆಸುಪಾಸಿನಲ್ಲಿರುತ್ತದೆ. ತಟ್ಟು ಅದರ ಹತ್ತಿರ ಬಂದರೆ ಸಾಕು, ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ತಳ್ಳಿದಂತೆ ನಡುಕ ಬೆಳೆಯುತ್ತದೆ. ಹನ್ನೆರಡು ಸಿಲಿಂಡರ್ ಈ ಪ್ರದೇಶದಿಂದ ಬಹಳ ಮೇಲಿದೆ, ಅದರ ಒಂದೊಂದು ತಟ್ಟೂ ಮೆತ್ತಗೆ. ನಾಲ್ಕು ಸಿಲಿಂಡರ್ ಈ ಪ್ರದೇಶದ ಅಂಚಿನಲ್ಲೇ ವಾಸಿಸುತ್ತದೆ, ಎಸಿ ಹಾಕಿ ವೇಗ 750ಕ್ಕೆ ಏರಿದರೆ ತಟ್ಟು 25. ಆರರದು ಕೂಡ ಈ ನೆರೆಯಲ್ಲೇ, ಆದ್ದರಿಂದ ಒಳ್ಳೆಯ ಕಾರಿನಲ್ಲಿ ಸ್ಟೀರಿಂಗಿನ ಹಿಂದಿರುವ ಅಡ್ಡತೊಲೆಯನ್ನು ಗಟ್ಟಿ ಮಾಡಿ ಅದರ ಕಂಪನವನ್ನು ಇನ್ನೂ ಮೇಲಕ್ಕೆ ಅಟ್ಟುತ್ತಾರೆ. ಸಿಲಿಂಡರ್‌ಗಳ ಸಂಖ್ಯೆಯನ್ನು ಜಂಬದ ವಿಷಯವೆಂದು ತಿಳಿಯುವವರು ಈ ನಾಲ್ಕು ಅಂಕಿಗಳನ್ನು ನೆನಪಿಡಲಿ.

ಈ ತಟ್ಟನ್ನು ಕಾರಿಗೆ ದಾಟದಂತೆ ತಡೆಯುವುದು ಎಂಜಿನ್ ಮೌಂಟ್, ಅಂದರೆ ಎಂಜಿನ್ ಕೂರುವ ರಬ್ಬರಿನ ಮೆತ್ತೆ. ಅಲ್ಲಿಯೂ ಇದೇ ಜಗ್ಗಾಟ. ನಿಂತ ಕಾರಿನಲ್ಲಿ ನಡುಕ ಬರಬಾರದೆಂದರೆ ರಬ್ಬರ್ ಮೆತ್ತಗಿರಬೇಕು. ಗುಂಡಿ ಬಿದ್ದ ರಸ್ತೆಯಲ್ಲಿ ಇನ್ನೂರು ಕಿಲೋ ಎಂಜಿನ್ ಕುಣಿಯಬಾರದೆಂದರೆ ರಬ್ಬರ್ ಗಟ್ಟಿಯಾಗಿರಬೇಕು. ಒಳಗೆ ದ್ರವ ತುಂಬಿ, ಕಿರಿದಾದ ದಾರಿಯಲ್ಲಿ ಅದು ಅತ್ತಿತ್ತ ಹರಿಯುವಂತೆ ಮಾಡಿದ ಮೌಂಟ್‌ಗಳು ಎರಡನ್ನೂ ಸ್ವಲ್ಪಮಟ್ಟಿಗೆ ಕೊಡುತ್ತವೆ, ಎರಡನ್ನೂ ಪೂರ್ತಿ ಕೊಡುವುದಿಲ್ಲ.

ನಾನು ಬೆಂಗಳೂರಿನಲ್ಲಿ ಕಂಪನ ಮತ್ತು ಸದ್ದಿನ ಪರೀಕ್ಷೆಯ ಕೆಲಸದಲ್ಲಿದ್ದಾಗ ಒಂದು ದುಬಾರಿ ಕಾರು ನಮ್ಮಲ್ಲಿಗೆ ಬಂದಿತ್ತು. ಎಸಿ ಹಾಕಿದಾಗ ಮಾತ್ರ ಒಳಗನ್ನಡಿ ನಡುಗಿ ಹಿಂದಿನ ಗಾಜಿನ ಬಿಂಬ ಮಸುಕಾಗುತ್ತಿತ್ತು, ಎಸಿ ಆರಿಸಿದರೆ ಬಿಂಬ ಮತ್ತೆ ಕನ್ನಡಿಯಲ್ಲಿ ನಿಶ್ಚಲ. ನಾವು ಮೌಂಟ್‌ಗಳ ಮೇಲೆ ಅನುಮಾನಪಟ್ಟೆವು. ಬೇರೆ ಬೇರೆ ಗಡಸಿನ ರಬ್ಬರ್ ಹಾಕಿ ತೆಗೆದು ಮೂರು ದಿನ ಕಳೆಯಿತು. ನಾಲ್ಕನೆಯ ದಿನ ನಮ್ಮ ಹಿರಿಯ ತಂತ್ರಜ್ಞರೊಬ್ಬರು ಯಾವ ಉಪಕರಣವನ್ನೂ ಹಿಡಿಯದೆ ಬಾನೆಟ್ಟಿನೊಳಗೆ ಕೈ ಇಳಿಸಿ, ಒಂದೊಂದೇ ಕೊಳವೆಯ ಮೇಲೆ ಅಂಗೈ ಇಡುತ್ತ ಬಂದರು. ಎಸಿಯ ಅಲ್ಯೂಮಿನಿಯಂ ಕೊಳವೆಯೊಂದು ದೇಹದ ಗೋಡೆಗೆ ಕ್ಲಿಪ್‌ನಿಂದ ಬಿಗಿಯಾಗಿ ಹಿಡಿದಿತ್ತು, ಕ್ಲಿಪ್ಪಿನೊಳಗಿನ ರಬ್ಬರ್ ತುಂಡು ಜಾರಿಹೋಗಿತ್ತು. ಅಷ್ಟು ದುಡ್ಡು ಸುರಿದು ಎಂಜಿನ್ನನ್ನು ಮೆತ್ತನೆಯ ಹಾಸಿಗೆಯ ಮೇಲೆ ಮಲಗಿಸಿದ್ದರು, ಬೆರಳು ದಪ್ಪದ ಒಂದು ಕೊಳವೆ ಆ ಹಾಸಿಗೆಯನ್ನು ತಪ್ಪಿಸಿ ನಡುಕವನ್ನು ನೇರ ಕನ್ನಡಿಗೆ ಒಯ್ಯುತ್ತಿತ್ತು. ಕ್ಲಿಪ್ ಸಡಿಲಿಸಿದಾಗ ಬಿಂಬ ನಿಂತ ಕ್ಷಣ ಈಗಲೂ ನನ್ನ ಕಣ್ಣಿಗೆ ಕಟ್ಟಿದಂತಿದೆ. ಎಂಜಿನ್ನಿಗೆ ತಾಗುವ ಪ್ರತಿಯೊಂದು ಕೊಳವೆಯೂ ಒಂದು ಮೌಂಟ್ ಎಂದು ಅಂದಿನಿಂದ ಕಿರಿಯರಿಗೆ ಹೇಳುತ್ತ ಬಂದಿದ್ದೇನೆ.

ಇನ್ನು ನಾಲ್ಕು ಸಿಲಿಂಡರಿನ ಮಾತು. ಮೋಸವೆಂಬ ಶಬ್ದವನ್ನು ನಾನು ಒಪ್ಪುವುದಿಲ್ಲ. ಒಂದು ಸಿಲಿಂಡರಿನ ಗಾತ್ರಕ್ಕೆ ಒಂದು ಹದವಿದೆ. ಬಹಳ ಚಿಕ್ಕದಾದರೆ ಒಳಗಿನ ಉರಿಗೆ ಹೋಲಿಸಿದರೆ ಗೋಡೆ ಹೆಚ್ಚಾಗಿ ಶಾಖ ನೀರಿಗೆ ಸೋರಿಹೋಗುತ್ತದೆ. ಬಹಳ ದೊಡ್ಡದಾದರೆ ಜ್ವಾಲೆ ಅಂಚು ತಲಪುವಷ್ಟರಲ್ಲಿ ಉಳಿದ ಪೆಟ್ರೋಲ್ ತಾನಾಗಿ ಸಿಡಿಯುತ್ತದೆ, ಅದೇ ನಾಕಿಂಗ್. 500 ಸಿಸಿಯ ಸುತ್ತಮುತ್ತ ಈ ಹದ ಸಿಗುತ್ತದೆ, ಆದ್ದರಿಂದಲೇ ಎರಡು ಲೀಟರಿಗೆ ನಾಲ್ಕು, ಮೂರು ಲೀಟರಿಗೆ ಆರು. ಟರ್ಬೊ ಇರುವ ಎರಡು ಲೀಟರ್ ಎಂಜಿನ್ 200 ಅಶ್ವಶಕ್ತಿ ದಾಟುವುದು ಇಂದು ಸಾಮಾನ್ಯ. ಮಾವನ 1994ರ ಆರು ಸಿಲಿಂಡರ್ ಕೊಡುತ್ತಿದ್ದದ್ದೂ ಸುಮಾರು ಅಷ್ಟೇ.

ಅದರ ಮೇಲೆ ಸರ್ಕಾರಗಳು ಸಿಸಿ ನೋಡಿ ತೆರಿಗೆ ಹಾಕುತ್ತವೆ. ಚೀನಾ 2008ರ ಸೆಪ್ಟೆಂಬರ್‌ನಲ್ಲಿ ಮೂರರಿಂದ ನಾಲ್ಕು ಲೀಟರಿನ ಕಾರುಗಳ ಬಳಕೆ ತೆರಿಗೆಯನ್ನು ಶೇ 15ರಿಂದ 25ಕ್ಕೆ, ನಾಲ್ಕು ಲೀಟರ್ ಮೀರಿದವುಗಳದನ್ನು ಶೇ 20ರಿಂದ 40ಕ್ಕೆ ಏರಿಸಿತು. ದುಬಾರಿ ಕಾರುಗಳ ಅಷ್ಟು ದೊಡ್ಡ ಮಾರುಕಟ್ಟೆಯಲ್ಲಿ 3,000 ಸಿಸಿಯ ಗೆರೆಗೆ ಎಂಥ ತೂಕವೆಂದು ಯೋಚಿಸಿ. ಎಸ್ 450ರ ಎಂಜಿನ್ 2,999 ಸಿಸಿ. ನಮ್ಮಲ್ಲಿ 2015ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ದೆಹಲಿ ವಲಯದಲ್ಲಿ 2,000 ಸಿಸಿ ಮತ್ತು ಮೇಲ್ಪಟ್ಟ ಡೀಸೆಲ್ ಕಾರುಗಳ ನೋಂದಣಿ ನಿಲ್ಲಿಸಿದಾಗ, ಬೆಂಜ್ ಕಾರುಗಳಲ್ಲಿ ಹೆಚ್ಚು ಬಳಕೆಯಲ್ಲಿದ್ದ 2,143 ಸಿಸಿಯ ಡೀಸೆಲ್ ಎಂಜಿನ್ 143 ಸಿಸಿಯಿಂದ ಸಿಕ್ಕಿಬಿತ್ತು. 2016ರ ಆಗಸ್ಟ್‌ನಲ್ಲಿ ಶೇ 1ರ ಹಸಿರು ಸೆಸ್ಸಿನೊಡನೆ ಆ ತಡೆ ತೆರವಾಯಿತು. ಎಂಜಿನ್ ಚಿತ್ರ ಬಿಡಿಸುವವನ ಮೇಜಿನ ಮೇಲೆ ಇಂಥ ಗೆರೆಗಳು ಮೊದಲೇ ಎಳೆದಿರುತ್ತವೆ.

ಆದರೂ ನನ್ನ ಮನಸ್ಸಿನ ಮಾತನ್ನು ಮುಚ್ಚಿಡುವುದಿಲ್ಲ. ಹದವಾಗಿ ಓಡಿಸಿದರೆ ಇಂದಿನ ನಾಲ್ಕು ಸಿಲಿಂಡರ್ ದೊಡ್ಡ ಸೆಡಾನಿಗೆ ಧಾರಾಳವಾಗಿ ಸಾಕು. ಚಾರ್ಮಾಡಿ ಏರುವಾಗ, ಮುಂದಿನ ಲಾರಿಯನ್ನು ದಾಟಲು ಪೆಡಲ್ ಒತ್ತಿದಾಗ ಮಾತ್ರ ಅದು ತನ್ನ ದನಿಯನ್ನು ಬಚ್ಚಿಡಲಾರದು. ಆ ಒರಟು ಗುರುಗುಟ್ಟುವಿಕೆ ಹಿಂದಿನ ಸೀಟಿನ ಯಜಮಾನರ ಕಿವಿಗೆ ಬೀಳಬಾರದು. ಮಧ್ಯಮ ದುಬಾರಿ ಕಾರಿಗೆ ಇದು ನ್ಯಾಯವಾದ ಒಪ್ಪಂದ, ಅಗ್ರ ಮಾದರಿಗೆ ಅಲ್ಲ.

ಮೂರನೆಯ ಪ್ರಶ್ನೆ: ಹಣವಿದ್ದರೆ ಕೊರತೆಯಿಲ್ಲದ ಎಂಜಿನ್ ಏಕಿಲ್ಲ? 2017ರಲ್ಲಿ ಎರಡು ಹನ್ನೆರಡು ಸಿಲಿಂಡರ್ ಕಾರುಗಳು ಬಂದವು. ಫೆರಾರಿ 812 ಸೂಪರ್‌ಫಾಸ್ಟ್, 6.5 ಲೀಟರ್, ಟರ್ಬೊ ಇಲ್ಲ, 8,500 ಸುತ್ತಿನಲ್ಲಿ 800 ಅಶ್ವಶಕ್ತಿ, 7,000 ಸುತ್ತಿನಲ್ಲಿ 718 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ತಿರುಗಿಸುವ ಬಲ. ಹೊಸ ರೋಲ್ಸ್ ರಾಯ್ಸ್ ಫ್ಯಾಂಟಮ್, 6.75 ಲೀಟರ್, ಎರಡು ಟರ್ಬೊ, 5,000 ಸುತ್ತಿನಲ್ಲಿ 571 ಅಶ್ವಶಕ್ತಿ, ಆದರೆ 1,700 ಸುತ್ತಿನಲ್ಲೇ 900 ನ್ಯೂಟನ್ ಮೀಟರ್. ಎರಡಕ್ಕೂ ಹಣದ ಬರವಿರಲಿಲ್ಲ. ಒಂದು ಇನ್ನೊಂದಾಗಲು ಸಾಧ್ಯವಿಲ್ಲ, ಏಕೆಂದರೆ 8,500 ಸುತ್ತಿನಲ್ಲಿ ಉಸಿರಾಡಲು ವಾಲ್ವ್‌ಗಳು ಬಹಳ ಹೊತ್ತು ತೆರೆದಿರಬೇಕು. ಅದೇ ಅವಧಿ 700 ಸುತ್ತಿನಲ್ಲಿ ಹೊಗೆಯನ್ನೂ ಹೊಸ ಗಾಳಿಯನ್ನೂ ಬೆರೆಸಿ ಎಂಜಿನ್ನನ್ನು ಎಡವಿಸುತ್ತದೆ. ವಾಲ್ವ್ ಸಮಯವನ್ನು ಓಡುವಾಗಲೇ ಬದಲಿಸುವ ಉಪಾಯಗಳು ಈ ಅಂತರವನ್ನು ಕಿರಿದು ಮಾಡಿವೆ, ಅಳಿಸಿಲ್ಲ. ವೇಗವಾಗಿ ತಿರುಗಲು ಹಗುರವಾದ ಭಾಗಗಳು ಬೇಕು, ನಿಧಾನವಾಗಿ ನಯವಾಗಿ ತಿರುಗಲು ಭಾರವಾದವು ನೆರವಾಗುತ್ತವೆ. ಐಷಾರಾಮಿ ಕಾರಿನ ಒಡೆಯನಿಗೆ ಬೇಕಾದದ್ದು ಕಾರು ಹೊರಟದ್ದೇ ಗೊತ್ತಾಗದಂತೆ ಹೊರಡುವುದು. ಬೆಂಟ್ಲಿ ಮುಲ್ಸಾನ್‌ನ 6.75 ಲೀಟರ್ ವಿ8ನ ಬೇರು 1959ರಲ್ಲಿದೆ, ಪುಶ್‌ರಾಡ್ ಎಂಬ ಉದ್ದ ಕಡ್ಡಿಗಳಿಂದ ವಾಲ್ವ್‌ಗಳನ್ನು ತೆರೆಯುವ ಹಳೆಯ ಬಗೆಯದು. ಅದು 2020ರವರೆಗೂ ಬಾಳಿದ್ದು ಇದಕ್ಕಾಗಿಯೇ, 1,750 ಸುತ್ತಿನಲ್ಲಿ 1,020 ನ್ಯೂಟನ್ ಮೀಟರ್.

ನಿಶ್ಶಬ್ದಕ್ಕೂ ಬೆಲೆಯಿದೆ. ಅದನ್ನು ತೆರುವ ದಾರಿ ಎರಡು. ಫ್ಯಾಂಟಮ್‌ನಲ್ಲಿ ಸದ್ದು ನುಂಗುವ ವಸ್ತುಗಳೇ 130 ಕಿಲೋಗಿಂತ ಹೆಚ್ಚಿವೆ, ಇಬ್ಬರು ಸದಾ ಕಾರಿನಲ್ಲಿ ಕುಳಿತಂತೆ. 1989ರ ಲೆಕ್ಸಸ್ ಎಲ್‌ಎಸ್ 400ರ ಮುಖ್ಯ ಎಂಜಿನಿಯರ್ ಇಚಿರೊ ಸುಜುಕಿ ಬೇರೆ ದಾರಿ ಹಿಡಿದರು: ಸದ್ದನ್ನು ಮುಚ್ಚಬೇಡಿ, ಹುಟ್ಟುವಲ್ಲೇ ತಡೆಯಿರಿ. ಗಂಟೆಗೆ 250 ಕಿಲೋಮೀಟರ್ ಓಡಬೇಕು, ಹಗುರವಾಗಿರಬೇಕು, ಇಂಧನ ಕಡಿಮೆ ಕುಡಿಯಬೇಕು, ಸದ್ದೂ ಇರಬಾರದು ಎಂಬ ಒಂದಕ್ಕೊಂದು ಹೊಂದದ ಗುರಿಗಳನ್ನು ಒಟ್ಟಿಗೆ ಇಟ್ಟು ಕುಳಿತರು. ಬಾನೆಟ್ಟಿನ ಮೇಲೆ ಶಾಂಪೇನ್ ಲೋಟಗಳ ಗೋಪುರ ಕಟ್ಟಿ, ರೋಲರ್‌ಗಳ ಮೇಲೆ ಕಾರನ್ನು ಓಡಿಸಿದ ಜಾಹೀರಾತು ಹೆಸರಾಯಿತು. ಅಲ್ಲಿಯೂ ಕೊಟ್ಟದ್ದು ಏನೆಂದು ನೋಡಿ. ಆ ನಾಲ್ಕು ಲೀಟರ್ ವಿ8ಗೆ ವಾಲ್ವ್‌ಗಳನ್ನು ನಡೆಸಲು ಕಬ್ಬಿಣದ ಚೈನ್ ಬದಲು ರಬ್ಬರಿನ ಟೈಮಿಂಗ್ ಬೆಲ್ಟ್ ಹಾಕಿದ್ದರು. ಬೆಲ್ಟ್ ಚೈನಿಗಿಂತ ಮೌನಿ, ಆದರೆ ಸುಮಾರು ಒಂದೂವರೆ ಲಕ್ಷ ಕಿಲೋಮೀಟರಿಗೆ ಬದಲಿಸಲೇಬೇಕು. ಮಾಲೀಕನ ಕಿವಿಗೆ ಕೊಟ್ಟದ್ದನ್ನು ಅವನ ಜೇಬಿನಿಂದ ನಿಧಾನವಾಗಿ ವಸೂಲಿ ಮಾಡಿದರು. ಅದು ಸರಿಯಾದ ಆಯ್ಕೆ ಎಂದೇ ನನ್ನ ಎಣಿಕೆ.

ಹನ್ನೆರಡು ಸಿಲಿಂಡರ್ ಎಲ್ಲರಿಗೂ ಏಕಿಲ್ಲವೆಂದರೆ ತೂಕವೆಲ್ಲ ಮುಂದಿನ ಚಕ್ರಗಳ ಮೇಲೆ ಬೀಳುತ್ತದೆ, ಊರೊಳಗೆ ಇಂಧನ ಹರಿದುಹೋಗುತ್ತದೆ. ಬೇಡದಾಗ ಕೆಲವು ಸಿಲಿಂಡರ್ ಮಲಗಿಸುವ ಉಪಾಯವನ್ನು ಕ್ಯಾಡಿಲಾಕ್ 1981ರಲ್ಲೇ ಎಂಟು-ಆರು-ನಾಲ್ಕು ಎಂದು ತಂದಿತ್ತು. ಆ ಕಾಲದ ಎಲೆಕ್ಟ್ರಾನಿಕ್ಸ್‌ಗೆ ಅಷ್ಟು ಚುರುಕಿರಲಿಲ್ಲ, ಮರುವರ್ಷವೇ ಬಹುತೇಕ ಮಾದರಿಗಳಿಂದ ಕೈಬಿಟ್ಟರು. ಮುಂದೆ ಬೆಂಜ್ ತನ್ನ ವಿ12ರಲ್ಲಿ ಒಂದು ಪಕ್ಕವನ್ನು ಪೂರ್ತಿ ಮಲಗಿಸಿತು. ಉಳಿದದ್ದು ಏನು? ಸಾಲಿನ ಆರು, ತಾನಾಗಿ ಸಮತೋಲದಲ್ಲಿರುವ ಅದೇ ಜ್ಯಾಮಿತಿ. ಮಲಗಿದ ಪಕ್ಕದ ಕನ್ವರ್ಟರ್ ತಣ್ಣಗಾಗುವ ಹೊಸ ತಲೆನೋವು ಆಗ ಬಂತು.

ಬಿಸಿಯ ಬಗ್ಗೆ ಒಂದೇ ಮಾತು, ನೀವು ಕೇಳದಿದ್ದರೂ ದುಬೈಗೂ ರಾಯಚೂರಿಗೂ ಅದು ಬೇಕು. 2008ರಲ್ಲಿ ಬಿಎಂಡಬ್ಲ್ಯು ವಿ8ನ ಎರಡು ಪಕ್ಕಗಳ ನಡುವಿನ ಕಣಿವೆಯಲ್ಲೇ ಟರ್ಬೊಗಳನ್ನು ಕೂರಿಸಿತು. ಹೊಗೆಯ ದಾರಿ ಚಿಕ್ಕದಾಗಿ ಟರ್ಬೊ ಚುರುಕಾಯಿತು, ಎಂಜಿನ್ ಅಗಲ ಇಳಿಯಿತು. ಆದರೆ ಕೆಂಪಗೆ ಕಾಯುವ ಲೋಹ ಈಗ ರಬ್ಬರ್, ಪ್ಲಾಸ್ಟಿಕ್, ವೈರುಗಳ ನಡುವೆಯೇ ಕುಳಿತಿದೆ. 45 ಡಿಗ್ರಿ ಬಿಸಿಲಿನಲ್ಲಿ ಹೆದ್ದಾರಿಯಿಂದ ಇಳಿದು ಕಾರನ್ನು ಥಟ್ಟನೆ ಆರಿಸಿದರೆ ಆ ಶಾಖಕ್ಕೆ ಹೋಗಲು ದಾರಿಯಿಲ್ಲ. ಇಂಥ ಎಂಜಿನ್ ಇರುವವರು ಕೊನೆಯ ಒಂದೆರಡು ಕಿಲೋಮೀಟರನ್ನು ನಿಧಾನವಾಗಿ ಓಡಿಸಿ ಬಂದು ನಿಲ್ಲಿಸಲಿ.

ಇನ್ನು ಮಾವನ ಕಾರು. ಆ ಕಾಲದ ಈ ಎಂಜಿನ್‌ಗಳಿಗೆ ಗೊತ್ತಿರುವ ದೋಷ ಒಂದಿದೆ: 1990ರ ದಶಕದ ಮೊದಲ ಭಾಗದ ಕಾರುಗಳ ಎಂಜಿನ್ ವೈರಿಂಗಿನ ಹೊದಿಕೆ ಬಿಸಿಗೆ ಒಣಗಿ ಹಪ್ಪಳದಂತೆ ಪುಡಿಯಾಗುತ್ತದೆ. ವೈರ್ ಬರಿದಾಗಿ ಒಂದಕ್ಕೊಂದು ತಾಗಿದರೆ ಎಂಜಿನ್ ಕೆಮ್ಮುತ್ತದೆ, ಕಂಪ್ಯೂಟರ್ ಸುಡಬಹುದು. ವೈರಿಂಗ್ ಕಟ್ಟನ್ನು ಬದಲಿಸಿದ ರಸೀದಿ ಇದೆಯೇ ಎಂದು ಕೇಳಿ. ಇಲ್ಲದಿದ್ದರೆ ಮೊದಲು ಅದನ್ನು ಮಾಡಿಸಲಿ. ಹೆಡ್ ಗ್ಯಾಸ್ಕೆಟ್ಟಿನ ಬಳಿ ಎಣ್ಣೆ ಒಸರುವುದು ಈ ಎಂಜಿನ್ನಿನ ಹಳೆಯ ಅಭ್ಯಾಸ, ಅದನ್ನೂ ನೋಡಲಿ. ಆಮೇಲೆ ಎಂಜಿನ್ ಬಿಸಿಯಾದ ಹೊತ್ತಿನಲ್ಲಿ ಎಸಿ ಹಾಕಿ, ಗೇರನ್ನು ಡಿಯಲ್ಲಿಟ್ಟು, ಬ್ರೇಕ್ ಒತ್ತಿ ಹಿಡಿದು ಸ್ಟೀರಿಂಗಿನ ಮೇಲೆ ಬೆರಳ ತುದಿಗಳನ್ನಷ್ಟೇ ಇಡಲಿ. ನಡುಕ ಬಂದರೆ ಎಂಜಿನ್ನಿನ ದೋಷವೆಂದು ಹೆದರಬೇಕಾಗಿಲ್ಲ. ಮೂವತ್ತು ವರ್ಷದ ಮೌಂಟ್‌ಗಳೊಳಗಿನ ದ್ರವ ಸೋರಿಹೋಗಿ ರಬ್ಬರ್ ಕುಸಿದಿರುತ್ತದೆ, ಎರಡನ್ನೂ ಹೊಸದಾಗಿ ಹಾಕಿಸಿ ಮತ್ತೊಮ್ಮೆ ಬೆರಳಿಟ್ಟು ನೋಡಲಿ. ಮಾರುವ ಮಾತನ್ನು ಅದಾದ ಮೇಲೆ ಎತ್ತಲಿ.